ಇಟ್ಟಿಗೆಯಂತೆ ಕಾಣುವ ಹಲಗೆ ಗೋಡೆ: ಕೀಳುವ ಮೊದಲು ಏನೇನು ನೋಡಬೇಕು

ಮನೆ ತೆಗೆದುಕೊಂಡಾಗ ಊರಿಗೆ ಫೋಟೊ ಕಳಿಸಿದ್ದೆ. "ಇಟ್ಟಿಗೆ ಮನೆಯಂತೆ, ಗಟ್ಟಿ ಇದೆ" ಅಂತ ಅಪ್ಪ ಬೀದಿಗೆಲ್ಲ ಹೇಳಿದ್ದರು. ಮುಂದಿನ ಬೇಸಿಗೆಯಲ್ಲಿ ತೀರ್ಥಹಳ್ಳಿಯಿಂದ ಪಿಟ್ಸ್‌ಬರ್ಗ್‌ಗೆ ಬಂದರು. ಬಂದ ಮಾರನೇ ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅಂಗಳಕ್ಕೆ ಇಳಿದವರು, ಹಲಸಿನಕಾಯಿ ಬಡಿದು ನೋಡುವ ಹಾಗೆ ಗೋಡೆಗೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದರು. ದಬ್ ದಬ್. ನನ್ನ ಮುಖ ನೋಡಿದರು. "ಇದು ಇಟ್ಟಿಗೆ ಅಲ್ಲ ಮಾರಾಯ, ರಟ್ಟು."

ನನಗೆ ಗೊತ್ತಿತ್ತು, ಹೇಳಿರಲಿಲ್ಲ ಅಷ್ಟೆ.

ಅಮೆರಿಕದ ಪೆನ್ಸಿಲ್ವೇನಿಯಾ, ವೆಸ್ಟ್ ವರ್ಜೀನಿಯಾ, ಒಹಾಯೊ, ಗಡಿಯಾಚೆ ಕೆನಡಾದ ಒಂಟಾರಿಯೊ, ಇಲ್ಲೆಲ್ಲ ಹಳೆ ಮನೆ ನೋಡಲು ಹೋದರೆ ಈ ಗೋಡೆ ನಿಮಗೂ ಸಿಗುತ್ತದೆ. ಬೀದಿಯಿಂದ ಕೆಂಪು ಇಟ್ಟಿಗೆ. ಹತ್ತಿರ ಹೋದರೆ ಡಾಂಬರು ಕುಡಿಸಿದ ಹಲಗೆ, ಮೇಲೆ ಇಲ್ಲಿನ ಚಾವಣಿಗೆ ಹೆಂಚಿನಂತೆ ಹೊದಿಸುವ ಡಾಂಬರು ಬಿಲ್ಲೆ, ಅಂದರೆ ಶಿಂಗಲ್‌ಗೆ ಹಾಕುವಂಥದ್ದೇ ಬಣ್ಣದ ಕಲ್ಲಿನ ಹರಳು, ನಡುವೆ ಸಿಮೆಂಟ್ ಗೆರೆಯಂತೆ ಒತ್ತಿದ ಗೀರು. ಒಳಗಿನದು ಮರದ ನಾರಿನಂಥ ನಾರನ್ನು ಅದುಮಿ ಮಾಡಿದ ಬೋರ್ಡು. ಇನ್ಸುಲ್‌ಬ್ರಿಕ್ ಅಂತ ಜನ ಕರೆಯುವುದು ಇದನ್ನೇ. ಅದು ಒಂದು ಬ್ರ್ಯಾಂಡಿನ ಹೆಸರಿನಿಂದ ಬಂದದ್ದು, ಈಗ ಎಲ್ಲ ಕಂಪನಿಯ ಮಾಲಿಗೂ ಅದೇ ಹೆಸರು.

ಇದನ್ನು ಮನೆಮನೆಗೆ ಹೊಡೆದದ್ದು 1930ರಿಂದ 1950ರ ದಶಕದವರೆಗೆ. ಆಮೇಲೆ ಅಲ್ಯೂಮಿನಿಯಂ ಸೈಡಿಂಗ್, ಅಂದರೆ ಗೋಡೆಯ ಹೊರಮೈಗೆ ಹೊಡೆಯುವ ತಗಡಿನ ಹೊದಿಕೆ ಬಂತು, ಇದರ ಕಾಲ ಮುಗಿಯಿತು. ಆಗಿನವರು ಯಾಕೆ ಮರುಳಾದರು ಅನ್ನುವುದು ನನ್ನ ಗೋಡೆ ಬಿಚ್ಚಿದಾಗ ಗೊತ್ತಾಯಿತು. ಹಲಗೆಗಳ ಸಂದಿಯಲ್ಲಿ ಕಪ್ಪು ಪುಡಿ, ಬೆರಳಿಗೆ ಕಾಡಿಗೆಯ ಹಾಗೆ ಅಂಟಿತು. ಕಲ್ಲಿದ್ದಲಿನ ಮಸಿ. ಪಿಟ್ಸ್‌ಬರ್ಗ್‌ನಲ್ಲಿ ಹೊಗೆ ಹತೋಟಿಯ ಕಾಯಿದೆ ಬಂದದ್ದೇ 1941ರಲ್ಲಿ, ಅದು ಸರಿಯಾಗಿ ಜಾರಿಯಾಗಲು ಯುದ್ಧ ಮುಗಿಯಬೇಕಾಯಿತು. ಅಲ್ಲಿಯವರೆಗೆ ಬಿಳಿ ಬಣ್ಣ ಬಳಿದ ಮರದ ಗೋಡೆ ಬೂದು ಆಗಲು ಎಷ್ಟು ದಿನ ಬೇಕು? "ಇನ್ನು ಪೇಂಟೇ ಮಾಡಬೇಡಿ, ಚಳಿಯೂ ಬರಲ್ಲ, ನೋಡೋಕೆ ಇಟ್ಟಿಗೆ ಮನೆ" ಅಂತ ಯಾರಾದರೂ ಬಾಗಿಲಿಗೆ ಬಂದು ಹೇಳಿದರೆ ನಾನೂ ಹಾಕಿಸಿಕೊಳ್ಳುತ್ತಿದ್ದೆ. ಹಾಗೆ ನೋಡಿದರೆ ಈ ಚಟ ಇನ್ನೂ ಹಳೆಯದು. ಜಾರ್ಜ್ ವಾಷಿಂಗ್ಟನ್ ಮೌಂಟ್ ವರ್ನನ್‌ನ ತನ್ನ ಮನೆಗೆ ಪೈನ್ ಹಲಗೆ ಹೊಡೆಸಿ, ಅಂಚು ಓರೆಯಾಗಿ ಕೊರೆಸಿ, ಹಸಿ ಬಣ್ಣದ ಮೇಲೆ ಮರಳು ಎರಚಿಸಿ ಕಲ್ಲಿನ ಗೋಡೆ ಅನ್ನಿಸಿದ್ದ. ಅವನಿಗೆ ಕಲ್ಲಿನ ವೇಷ, ಪಾಪ, ಇಲ್ಲಿನ ಗಣಿ ಕಾರ್ಮಿಕರ ಮನೆಗೆ ಇಟ್ಟಿಗೆ ಚಿತ್ರ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಇಂಥ ಮನೆ ಸಿಕ್ಕಿದೆ, ಅಥವಾ ತೆಗೆದುಕೊಂಡು ಆಗಿದೆ. ಕೀಳಬೇಕಾ, ಬಿಡಬೇಕಾ?

ನಾನು ಹೇಳುವುದು ಒಂದೇ: ಈ ಹಲಗೆ ನಿಮ್ಮ ಶತ್ರು ಅಲ್ಲ, ಅದರ ಹಿಂದೆ ಸೇರಿಕೊಂಡ ನೀರು ಶತ್ರು. ನೀರು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುವವರೆಗೆ ಹಲಗೆ ಮೀಟುವ ಕಬ್ಬಿಣದ ಬಾರು (ಪ್ರೈ ಬಾರ್) ಎತ್ತಬೇಡಿ, ಯಾರಿಗೂ ಅಡ್ವಾನ್ಸ್ ಕೊಡಬೇಡಿ.

ನಮ್ಮ ಮಲೆನಾಡಿನಲ್ಲಿ ಮಳೆಗಾಲಕ್ಕೆ ಮೊದಲು ಇರಚಲು ಬಡಿಯುವ ಗೋಡೆಗೆ ಅಡಿಕೆ ಸೋಗೆ ಕಟ್ಟುತ್ತಾರಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ಸೋಗೆ ನೀರನ್ನು ಹೊರಗೇ ಇಳಿಸುತ್ತದೆ, ಆದರೆ ಸಡಿಲವಾಗಿ ನೇತಾಡುವುದರಿಂದ ಹಿಂದೆ ಗಾಳಿ ಆಡುತ್ತದೆ, ಮಣ್ಣಿನ ಗೋಡೆ ಒಣಗುತ್ತದೆ. ಮಳೆ ಮುಗಿದ ಮೇಲೆ ಬಿಚ್ಚಿಬಿಡುತ್ತಾರೆ ಬೇರೆ. ಈ ಡಾಂಬರು ಹಲಗೆ ಅದರ ಉಲ್ಟಾ. ಗೋಡೆಗೆ ಒತ್ತಿ ಮೊಳೆ ಹೊಡೆದಿರುತ್ತಾರೆ. ಹೊರಮೈ ಉಸಿರಾಡುವುದಿಲ್ಲ. ಒಳಗಿನಿಂದ ಅಡುಗೆಯ ಹಬೆ, ಸ್ನಾನದ ಹಬೆ ಗೋಡೆಯೊಳಗೆ ಹೋಗುತ್ತದೆ, ಚಳಿಗಾಲದಲ್ಲಿ ತಣ್ಣಗಿನ ಹಲಗೆಯ ಬೆನ್ನಿಗೆ ಬಡಿದು ನೀರಾಗುತ್ತದೆ. ಹೊರಗಿನಿಂದ ಕಿಟಕಿ ಮೂಲೆಯ ಬಿರುಕಲ್ಲಿ ಮಳೆನೀರು ಇಳಿಯುತ್ತದೆ. ಇಳಿದ ನೀರಿಗೆ ಹಲಗೆಯ ಕೆಳ ಅಂಚು ಬಿಟ್ಟರೆ ಹೊರಗೆ ಹೋಗಲು ದಾರಿ ಇಲ್ಲ. ನಾರಿನ ಬೋರ್ಡು ಅದನ್ನು ಸ್ಪಂಜಿನ ಹಾಗೆ ಹಿಡಿದಿಟ್ಟುಕೊಳ್ಳುತ್ತದೆ.

ಹಾಗಂತ ಎಲ್ಲ ಮನೆಯಲ್ಲೂ ಹೀಗೆ ಆಗಿರುವುದಿಲ್ಲ. ಎಷ್ಟೋ ಮನೆಗಳಲ್ಲಿ ಎಪ್ಪತ್ತು ಎಂಬತ್ತು ವರ್ಷ ಆದ ಮೇಲೂ ಹಿಂದಿನ ಮರ ಹಾಗೇ ಇರುತ್ತದೆ, ಯಾಕೆಂದರೆ ಹಳೆ ಗೋಡೆಯ ಒಳಗೆ ಇನ್ಸುಲೇಷನ್, ಅಂದರೆ ಬಿಸಿ ಸೋರದಂತೆ ತಡೆಯುವ ತುಂಬು, ಇರಲಿಲ್ಲ, ಮನೆಯೊಳಗಿನ ಬಿಸಿ ಸುಮ್ಮನೆ ಸೋರಿಹೋಗುತ್ತಿತ್ತು, ಆ ಬಿಸಿಗೆ ಗೋಡೆಯೂ ಒಣಗುತ್ತಿತ್ತು. ತಮಾಷೆ ಅಂದರೆ ಯಾರೋ ಬುದ್ಧಿವಂತರು ಬಿಲ್ ಉಳಿಸಲು ಗೋಡೆಗೆ ತೂತು ಕೊರೆದು ಇನ್ಸುಲೇಷನ್ ತುಂಬಿಸಿದ ಮೇಲೆ ಇದೇ ಮನೆ ಕೊಳೆಯಲು ಶುರುವಾಗುತ್ತದೆ. ಆದ್ದರಿಂದ ಹಿಂದಿನ ಮಾಲೀಕರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು: ಗೋಡೆಯೊಳಗೆ ಏನಾದರೂ ತುಂಬಿಸಿದ್ದೀರಾ, ಯಾವಾಗ?

ಮೊದಲು ಸುತ್ತು ಹಾಕಿ

ಒಂದು ಜೋರು ಮಳೆಯಲ್ಲಿ ಕೊಡೆ ಹಿಡಿದು ಮನೆ ಸುತ್ತ ನಡೆಯಿರಿ. ನಿಜವಾಗಲೂ ಹೇಳುತ್ತಿದ್ದೇನೆ, ಅರ್ಧ ಗಂಟೆಯ ಈ ಕೆಲಸ ಎಷ್ಟೋ ಇನ್‌ಸ್ಪೆಕ್ಷನ್ ರಿಪೋರ್ಟಿಗಿಂತ ಮೇಲು. ಚಾವಣಿ ಅಂಚಿನ ನೀರ ದೋಣಿ, ಅಂದರೆ ಗಟರ್, ತುಂಬಿ ಗೋಡೆ ಮೇಲೆ ಹರಿಯುತ್ತಿದೆಯಾ, ಇಳಿಕೊಳವೆ ಬಾಯಿ ಮನೆ ಬುಡಕ್ಕೇ ಇದೆಯಾ, ಜಗಲಿಯ ಚಾವಣಿ ಗೋಡೆಗೆ ಸೇರುವ ಕಡೆ ನೀರು ಒಳಗೆ ನುಗ್ಗುತ್ತಿದೆಯಾ, ನೋಡಿ. ನನ್ನ ಮನೆಯಲ್ಲಿ ಒಂದು ಮೂಲೆ ಪೂರ್ತಿ ಕೊಳೆತದ್ದಕ್ಕೆ ಕಾರಣ ಇನ್ಸುಲ್‌ಬ್ರಿಕ್ ಅಲ್ಲವೇ ಅಲ್ಲ, ಮೇಲಿನ ಗಟರ್‌ನಲ್ಲಿ ಮೇಪಲ್ ಎಲೆ ಕಟ್ಟಿಕೊಂಡು ವರ್ಷಗಟ್ಟಲೆ ಅದೇ ಜಾಗಕ್ಕೆ ನೀರು ಸುರಿದದ್ದು.

ಮಳೆ ನಿಂತ ಮೇಲೆ ಒಂದು ಸ್ಕ್ರೂಡ್ರೈವರ್ ತಗೊಳ್ಳಿ. ಕಿಟಕಿಯ ಕೆಳಮೂಲೆಗಳು, ಬಾಗಿಲ ಹೊಸ್ತಿಲಿನ ಪಕ್ಕ, ಗೋಡೆಯ ತೀರಾ ಕೆಳಗಿನ ಸಾಲು, ಈ ಜಾಗಗಳಲ್ಲಿ ಮೆತ್ತಗೆ ಒತ್ತಿ. ಗಟ್ಟಿ ಇದ್ದರೆ ತುದಿ ನಿಲ್ಲುತ್ತದೆ. ಕೊಳೆತು ಲಡ್ಡು ಹಿಡಿದಿದ್ದರೆ ಬಾಳೆಹಣ್ಣಿಗೆ ಹಾಕಿದ ಹಾಗೆ ಒಳಗೆ ಹೋಗುತ್ತದೆ. ಕೆಳಗಿನ ಸಾಲು ಮಣ್ಣಿಗೆ ತಾಗಿಕೊಂಡಿದ್ದರೆ ಅದು ಗೆದ್ದಲಿಗೆ ಹಾಕಿಕೊಟ್ಟ ಏಣಿ. ಮಣ್ಣಿಗೂ ಮರಕ್ಕೂ ಕನಿಷ್ಠ 6 ಇಂಚು ಅಂತರ ಬೇಕು, ಮಣ್ಣು ಜಾಸ್ತಿ ಇದ್ದರೆ ಸನಿಕೆ ಹಿಡಿದು ತೆಗೆಯಿರಿ. ನೆಲದ ಇಳಿಜಾರು ಮನೆಯಿಂದ ಆಚೆಗೆ ಇರಬೇಕು, ಹತ್ತು ಅಡಿಗೆ 6 ಇಂಚಿನ ಇಳಿತ ಅನ್ನುವುದು ಇಲ್ಲಿನ ಲೆಕ್ಕ.

ನೆಲಮಾಳಿಗೆಗೂ ಇಳಿಯಿರಿ. ಅಡಿಪಾಯದ ಮೇಲೆ ಮಲಗಿರುವ ದಪ್ಪ ತೊಲೆ ಇದೆಯಲ್ಲ, ಅದಕ್ಕೂ ಅದೇ ಸ್ಕ್ರೂಡ್ರೈವರ್. ತೇವ ಅಳೆಯುವ ಚಿಕ್ಕ ಮೀಟರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಮರದಲ್ಲಿ 20 ಪರ್ಸೆಂಟ್ ದಾಟಿದರೆ ನೀರಿನ ಮೂಲ ಹುಡುಕಲೇಬೇಕು.

ಒಂದು ಕಿಂಡಿ ತೆರೆಯಿರಿ, ಆದರೆ ಮೊದಲು ಪರೀಕ್ಷೆ

ಆಸ್ಬೆಸ್ಟಾಸ್, ಅಂದರೆ ಉಸಿರಿನ ಜೊತೆ ಒಳಹೋದರೆ ಕ್ಯಾನ್ಸರ್ ತರಬಲ್ಲ ಖನಿಜದ ನಾರು, ಅದರ ಭಯ ಎಲ್ಲರಿಗೂ ಇರುತ್ತದೆ. ಈ ಇಟ್ಟಿಗೆ ಹಲಗೆಯಲ್ಲಿ ಸಾಮಾನ್ಯವಾಗಿ ಆಸ್ಬೆಸ್ಟಾಸ್ ಇರುವುದಿಲ್ಲ, ಆದರೆ "ಸಾಮಾನ್ಯವಾಗಿ" ಅನ್ನುವ ಪದವನ್ನು ನಂಬಿ ಪುಪ್ಪುಸ ಒಡ್ಡಬಾರದು. ಹಲಗೆಯ ಹಿಂದೆ ಹಾಸಿದ ಕಪ್ಪು ಕಾಗದದಲ್ಲೋ ಅಂಟಿನಲ್ಲೋ ಇರಬಹುದು. ಕಾಣದ ಮೂಲೆಯಲ್ಲಿ ಸ್ಪ್ರೇ ಬಾಟಲಿಯಿಂದ ನೀರು ಹೊಡೆದು ಒದ್ದೆ ಮಾಡಿ, ಬೆಂಕಿಪೊಟ್ಟಣದಷ್ಟು ತುಂಡನ್ನು ಎಲ್ಲ ಪದರಗಳ ಸಮೇತ ಕತ್ತರಿಸಿ, ಜಿಪ್ ಕವರಿನಲ್ಲಿ ಹಾಕಿ ಲ್ಯಾಬಿಗೆ ಕಳಿಸಿ. ಕತ್ತರಿಸಿದ ಜಾಗಕ್ಕೆ ಟೇಪ್ ಹಚ್ಚಿ. ರಿಪೋರ್ಟ್ ಬರುವವರೆಗೆ ಕೈಕಟ್ಟಿ ಕೂರಿ. ಪಾಸಿಟಿವ್ ಬಂದರೆ ಇದು ನಿಮ್ಮ ಕೆಲಸ ಅಲ್ಲ, ಲೈಸೆನ್ಸ್ ಇರುವವರನ್ನೇ ಕರೆಯಬೇಕು, ಮುಂದಿನದು ಓದುವುದೂ ಬೇಡ.

ನೆಗೆಟಿವ್ ಬಂತಾ? ಹಾಗಾದರೆ ಕಿಂಡಿ. ಅತಿ ಅನುಮಾನ ಇರುವ ಒಂದು ಜಾಗ, ಚೆನ್ನಾಗಿದೆ ಅನ್ನಿಸುವ ಒಂದು ಜಾಗ, ಎರಡು ಕಡೆ ಒಂದೊಂದು ಹಲಗೆ ತೆಗೆಯಿರಿ. ಮೊಳೆಗಳು ಸಿಮೆಂಟ್ ಗೆರೆಯಲ್ಲಿ ಅಡಗಿರುತ್ತವೆ, ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದರೆ ತಲೆ ಕಾಣುತ್ತದೆ. ಚಪ್ಪಟೆ ಪ್ರೈ ಬಾರ್ ಹಿಂದೆ ತೂರಿಸಿ, ಅದರ ಕೆಳಗೆ ಒಂದು ಮರದ ಚಕ್ಕೆ ಇಟ್ಟುಕೊಂಡು ಮೀಟಿ. ಚಕ್ಕೆ ಇಡದಿದ್ದರೆ ಹಿಂದಿನ ಒಳ್ಳೆಯ ಹಲಗೆಗೆ ಬಾರು ಕೊರೆದು ಗುಳಿ ಮಾಡುತ್ತದೆ. ನನ್ನ ಗೋಡೆಯಲ್ಲಿ ಅಂಥ ನಾಲ್ಕು ಗುಳಿ ಇವೆ, ಪುಟ್ಟಿ ತುಂಬಿದರೂ ಸಂಜೆ ಬಿಸಿಲಿಗೆ ಕಾಣುತ್ತವೆ.

ಹಿಂದೆ ಬಹುಪಾಲು ಸಿಗುವುದು ಕ್ಲ್ಯಾಪ್‌ಬೋರ್ಡ್, ಅಂದರೆ ಒಂದರ ಮೇಲೊಂದು ಸ್ವಲ್ಪ ಹತ್ತಿಸಿ ಹೊಡೆದ ಅಡ್ಡ ಹಲಗೆ. ಆ ಮರ ಈಗಿನ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಹಳೆ ಕಾಡಿನ ಮರ, ವರ್ಷದ ಉಂಗುರಗಳು ಕೂದಲೆಳೆಯಷ್ಟು ಹತ್ತಿರ ಹತ್ತಿರ. ಅಪ್ಪ ಅದರ ಒಂದು ಚೂರು ಮೂಸಿ ನೋಡಿ, ಉಗುರಿನಿಂದ ಕೆರೆದು, "ಇದನ್ನ ಮುಚ್ಚಿ ಇದನ್ನ ಹೊಡೆದ್ರಾ?" ಅಂದರು.

ಆ ಹಲಗೆಗೆ ಹಳೆ ಬಣ್ಣ ಇರುತ್ತದೆ, ಆ ಬಣ್ಣದಲ್ಲಿ ಸೀಸ ಇದೆ ಅಂತಲೇ ಲೆಕ್ಕ ಹಿಡಿಯಿರಿ. ಅಮೆರಿಕದಲ್ಲಿ ಮನೆಯ ಬಣ್ಣದಲ್ಲಿ ಸೀಸ ನಿಷೇಧವಾದದ್ದು 1978ರಲ್ಲಿ, ನಿಮ್ಮ ಗೋಡೆ ಮುಚ್ಚಿದ್ದು ಅದಕ್ಕೂ ಎಷ್ಟೋ ವರ್ಷ ಮೊದಲು. ಮನೆಯಲ್ಲಿ ಅಂಬೆಗಾಲಿಡುವ ಮಗು ಇದ್ದರೆ ಇದು ಆಸ್ಬೆಸ್ಟಾಸ್‌ಗಿಂತ ದೊಡ್ಡ ಚಿಂತೆ ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಮಗು ಮಣ್ಣಲ್ಲಿ ಆಡುತ್ತದೆ, ಕೈ ಬಾಯಿಗೆ ಹೋಗುತ್ತದೆ.

ಬಿಡುವುದಾದರೆ

ಎರಡೂ ಕಿಂಡಿಯಲ್ಲಿ ಮರ ಒಣಗಿ ಗಟ್ಟಿ ಇದ್ದರೆ, ಕೈಯಲ್ಲಿ ದುಡ್ಡೂ ಇಲ್ಲದಿದ್ದರೆ, ಬಿಡಿ. ನಾಚಿಕೆ ಪಡುವಂಥದ್ದೇನೂ ಇಲ್ಲ. ಗಟರ್ ಸರಿ ಮಾಡಿಸಿ. ಕಿಟಕಿ ತಲೆಯ ಮೇಲೆ ನೀರನ್ನು ಆಚೆಗೆ ಇಳಿಸುವ ತಗಡಿನ ಪಟ್ಟಿ (ಫ್ಲ್ಯಾಶಿಂಗ್) ಇದೆಯಾ ನೋಡಿ, ಇಲ್ಲದಿದ್ದರೆ ಹಾಕಿಸಿ. ಗೋಡೆಗೆ ಹಬ್ಬಿದ ಬಳ್ಳಿ ಕಿತ್ತುಹಾಕಿ. ಬಚ್ಚಲಿನ ಫ್ಯಾನ್ ಹಬೆಯನ್ನು ನಿಜವಾಗಲೂ ಹೊರಗೆ ಬಿಡುತ್ತಿದೆಯಾ ಅಥವಾ ಅಟ್ಟಕ್ಕೆ ಬಿಡುತ್ತಿದೆಯಾ ನೋಡಿ. ಒಗ್ಗರಣೆ, ಕುಕ್ಕರ್, ಇಡ್ಲಿ ಅಂತ ದಿನಾ ಹಬೆ ಎಬ್ಬಿಸುವ ನಮ್ಮಂಥವರ ಮನೆಗೆ ಅಡುಗೆಮನೆಯ ಫ್ಯಾನ್ ಹೊರಗೆ ಬಿಡುವಂಥದ್ದೇ ಬೇಕು, ಜಾಲರಿಯಲ್ಲಿ ಸೋಸಿ ಮತ್ತೆ ಒಳಗೇ ಊದುವುದು ಸಾಲದು.

ಬಿರುಕುಗಳಿಗೆ ಚಾವಣಿಗೆ ಬಳಸುವ ಡಾಂಬರು ಸಿಮೆಂಟ್ ತುಂಬಬಹುದು. ಆದರೆ ಹಲಗೆಯ ಕೆಳ ಅಂಚನ್ನು ಮಾತ್ರ ಮುಚ್ಚಬೇಡಿ, ನೀರು ಹೊರಬರುವ ದಾರಿ ಇರುವುದು ಅದೊಂದೇ. ಬಣ್ಣ ಬಳಿಯಬೇಕು ಅನ್ನಿಸಿದರೆ ನೀರಿನ ಅಕ್ರಿಲಿಕ್ ಬಳಸಿ, ಆಯಿಲ್ ಪೇಂಟ್ ಹಚ್ಚಿದರೆ ಡಾಂಬರು ಕರಗಿ ಕಂದು ಕಲೆಯಾಗಿ ಮೇಲೆ ಬರುತ್ತದೆ.

ಇನ್ಶೂರೆನ್ಸ್ ವಿಷಯ ಬಚ್ಚಿಡಬೇಡಿ. ಡಾಂಬರು ಹಲಗೆ ಚೆನ್ನಾಗಿ ಉರಿಯುತ್ತದೆ, ಕೆಲವು ಕಂಪನಿಗಳು ಇಂಥ ಮನೆಗೆ ಪಾಲಿಸಿ ಕೊಡಲು ಹಿಂದೆಮುಂದೆ ನೋಡುತ್ತವೆ. ಮನೆಗೆ ಸಹಿ ಹಾಕುವ ಮೊದಲೇ ಏಜೆಂಟರಿಗೆ ಫೋಟೊ ಕಳಿಸಿ ಕೇಳಿಬಿಡಿ.

ಇದರ ಮೇಲೆಯೇ ವಿನೈಲ್ ಅನ್ನುವ ಪ್ಲಾಸ್ಟಿಕ್ ಹೊದಿಕೆ ಹೊಡೆಸಿಬಿಡೋಣ ಅನ್ನುವವರು ಬಹಳ. ನನಗೂ ಒಬ್ಬ ಕಂಟ್ರಾಕ್ಟರ್ ಹತ್ತು ನಿಮಿಷದಲ್ಲಿ ಬೆಲೆ ಹೇಳಿದ, ಒಂದು ಕಡೆಯೂ ಗೋಡೆ ಮುಟ್ಟಿ ನೋಡಲಿಲ್ಲ. ಕಿಂಡಿ ತೆರೆಯದೆ ಮುಚ್ಚುವುದು ಅಂದರೆ ಹುಣ್ಣಿನ ಮೇಲೆ ಹೊಸ ಅಂಗಿ. ಹೊಡೆಸಲೇಬೇಕಾದರೆ ಕೊಳೆತದ್ದನ್ನೆಲ್ಲ ಮೊದಲು ತೆಗೆದು, ಪಟ್ಟಿ ಹೊಡೆದು, ಹಿಂದೆ ಗಾಳಿ ಆಡುವ ಸಂದಿ ಬಿಟ್ಟು ಹೊಡೆಸಿ. ಮತ್ತೆ ಸೋಗೆ ಪಾಠ, ಅಲ್ವಾ.

ಕೀಳುವುದಾದರೆ

ಊರಿನ ಆಫೀಸಿನಲ್ಲಿ ಪರ್ಮಿಟ್ ಬೇಕಾ ಕೇಳಿ. ಮನೆ ಹಿಸ್ಟಾರಿಕ್ ಡಿಸ್ಟ್ರಿಕ್ಟ್‌ನಲ್ಲಿದ್ದರೆ, ಅಂದರೆ ಹಳೆ ಕಟ್ಟಡಗಳನ್ನು ಕಾಪಾಡಲು ಗುರುತಿಸಿದ ಬಡಾವಣೆಯಲ್ಲಿದ್ದರೆ, ಹೊರಗಿನ ಯಾವುದನ್ನು ಮುಟ್ಟಲೂ ಅನುಮತಿ ಬೇಕಾಗಬಹುದು.

ಋತು ಮುಖ್ಯ. ನಾನು ಜುಲೈನಲ್ಲಿ ಶುರು ಮಾಡಿದೆ, ದಡ್ಡತನ. ಬಿಸಿಲಿಗೆ ಡಾಂಬರು ಮೆತ್ತಗಾಗಿ ಬಾರಿಗೆ, ಕೈಗವಸಿಗೆ, ಬೂಟಿಗೆಲ್ಲ ಅಂಟಿತು, ಹಲಗೆ ಮುರಿಯುವ ಬದಲು ಹಪ್ಪಳದ ಹಿಟ್ಟಿನ ಹಾಗೆ ಎಳೆದುಕೊಂಡು ಬಂತು. ಅಕ್ಟೋಬರ್‌ನ ತಂಪಿನಲ್ಲಿ ಅದೇ ಹಲಗೆ ಗರಿಗರಿಯಾಗಿ ಮುರಿದು ಬರುತ್ತದೆ. ಆದರೆ ಬಣ್ಣ ಹಚ್ಚಲು ಸಾಮಾನ್ಯವಾಗಿ 10 ಡಿಗ್ರಿ ಸೆಲ್ಸಿಯಸ್ ಮೇಲೆ ಬೇಕು, ಹಾಗಾಗಿ ಸೆಪ್ಟೆಂಬರ್ ಕೊನೆಗೆ ಶುರು ಮಾಡಿದರೆ ಎರಡೂ ಸಿಗುತ್ತದೆ.

ಒಂದು ಸಲಕ್ಕೆ ಒಂದೇ ಗೋಡೆ, ಅದರಲ್ಲೂ ಸಂಜೆಯೊಳಗೆ ಮುಚ್ಚಲು ಆಗುವಷ್ಟೇ. ನನ್ನ ಎರಡನೇ ತಪ್ಪು ಇದು. ಹುರುಪಿನಲ್ಲಿ ಪಶ್ಚಿಮದ ಗೋಡೆ ಅರ್ಧ ಬಿಚ್ಚಿಟ್ಟು ಊಟಕ್ಕೆ ಹೋದೆ, ರಾತ್ರಿ ಗುಡುಗು ಮಳೆ. ಟಾರ್ಪಾಲು ಇನ್ನೂ ಅಂಗಡಿಯಲ್ಲೇ ಇತ್ತು. ಬೆಳಿಗ್ಗೆ ಮಲಗುವ ಕೋಣೆಯ ಗೋಡೆಯಲ್ಲಿ ಭೂಪಟದಂಥ ಕಲೆ. ಟಾರ್ಪಾಲು ಮೊದಲು ತನ್ನಿ, ಬಾರು ಆಮೇಲೆ.

ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿ, ಗೋಡೆಯಿಂದ ಆಚೆಗೆ ಕನಿಷ್ಠ ಹತ್ತು ಅಡಿ. ಕಿಟಕಿಗಳನ್ನು ಮುಚ್ಚಿ. ಸೀಸದ ಧೂಳಿಗೆ ಪಿ100 ಫಿಲ್ಟರಿನ ಮಾಸ್ಕ್ ಹಾಕಿಕೊಳ್ಳಿ, ಬಟ್ಟೆಯ ಮಾಸ್ಕ್ ಯಾವುದಕ್ಕೂ ಬರುವುದಿಲ್ಲ. ಎರಡನೇ ಮಹಡಿಗೆ ಏಣಿ ಬೇಡ, ಸಾರ್ವೆ ಬಾಡಿಗೆಗೆ ತನ್ನಿ. ಒಂದು ಕೈಯಲ್ಲಿ ಬಾರು, ಒಂದು ಕೈಯಲ್ಲಿ ಹಲಗೆ ಹಿಡಿದರೆ ಏಣಿ ಹಿಡಿಯಲು ಮೂರನೇ ಕೈ ಇರುವುದಿಲ್ಲ.

ಮೇಲಿನಿಂದ ಕೆಳಕ್ಕೆ ಬನ್ನಿ, ನೀರು ಚಿಮುಕಿಸುತ್ತ. ಕಿತ್ತ ಹಲಗೆಯನ್ನು ಕೆಳಗೆ ಎಸೆಯಬೇಡಿ, ಇಳಿಸಿ. ಹೊರಟ ಮೊಳೆಗಳನ್ನು ಆಗಾಗ ಬಕೆಟ್ಟಿಗೆ ಹಾಕಿ, ಕೊನೆಗೆ ಹುಲ್ಲಿನ ಮೇಲೆ ಆಯಸ್ಕಾಂತ ಎಳೆದಾಡಿ. ನಾನು ಮೂರು ಸಲ ಎಳೆದೆ, ಆದರೂ ಉಳಿದ ಒಂದು ಮೊಳೆ ಕಾರಿನ ಟೈರಿಗೆ ಸಿಕ್ಕಿತು.

ಬಿಚ್ಚಿದ ಮೇಲೆ ಬೇಜಾರಾಗುವ ಒಂದು ವಿಷಯ ಇದೆ, ಈಗಲೇ ಹೇಳಿಬಿಡುತ್ತೇನೆ. ಗೋಡೆ ಸಮತಟ್ಟಾಗಲಿ ಅಂತ ಆ ಕಾಲದವರು ಕಿಟಕಿಯ ಮೇಲಿನ ಕೆತ್ತನೆ, ಮುಂಚಾಚಿದ ಪಟ್ಟಿ ಎಲ್ಲ ಗರಗಸ ಹಾಕಿ ಕೊಯ್ದಿರುತ್ತಾರೆ. ಆದರೆ ಹಳೆ ಬಣ್ಣದಲ್ಲಿ ಅದರ ನೆರಳು ಉಳಿದಿರುತ್ತದೆ, ಎಲ್ಲಿ ಪಟ್ಟಿ ಇತ್ತು, ಎಷ್ಟು ಅಗಲ ಇತ್ತು ಎಂಬುದರ ಗೆರೆ. ಕೆರೆಯುವ ಮೊದಲು ಅಳತೆ ಟೇಪ್ ಇಟ್ಟು ಫೋಟೊ ತೆಗೆದುಕೊಳ್ಳಿ. ಆ ಗೆರೆ ಹೋದರೆ ಮತ್ತೆ ಬರುವುದಿಲ್ಲ, ಮುಂದೆ ಬಡಗಿಗೆ ತೋರಿಸಲು ಅದೊಂದೇ ನಕ್ಷೆ.

ಗೋಡೆ ತೆರೆದಿರುವಾಗಲೇ ಒಳಗೆ ಏನಿದೆ ನೋಡಿ. ಪಿಂಗಾಣಿ ಗುಬಟಿಗಳ ಮೇಲೆ ಹಾದುಹೋದ ಹಳೆ ವೈರಿಂಗ್ ಕಂಡರೆ ಎಲೆಕ್ಟ್ರೀಷಿಯನ್ ನೋಡುವವರೆಗೆ ಇನ್ಸುಲೇಷನ್ ಮಾತೇ ಬೇಡ. ಬೂದು ಬಂಗಾರದ ಬಣ್ಣದ ಹಗುರ ಹರಳು ಉದುರಿದರೆ ಅದು ವರ್ಮಿಕ್ಯುಲೈಟ್ ಅನ್ನುವ ಹಳೆ ಇನ್ಸುಲೇಷನ್ ಖನಿಜ ಇರಬಹುದು, ಅದರಲ್ಲಿ ಆಸ್ಬೆಸ್ಟಾಸ್ ಇದೆ ಅಂತಲೇ ತಿಳಿದು ದೂರ ನಿಲ್ಲಿ, ಮುಟ್ಟಬೇಡಿ.

ಬಣ್ಣ ಕೆರೆಯುವುದು ಒದ್ದೆ ಮಾಡಿಯೇ. ಒಣ ಸ್ಯಾಂಡರ್ ಬೇಡ, ಬೆಂಕಿ ಕಾರುವ ಟಾರ್ಚ್ ಅಂತೂ ಬೇಡವೇ ಬೇಡ, ಡಾಂಬರು ಪುಡಿ ಮತ್ತು ನೂರು ವರ್ಷದ ಒಣ ಮರ ಎರಡೂ ಕಾಯುತ್ತಿರುತ್ತವೆ. ಎಷ್ಟೋ ಹಳೆ ಮನೆಗಳಲ್ಲಿ ಗೋಡೆಯ ಟೊಳ್ಳು ನೆಲಮಾಳಿಗೆಯಿಂದ ಅಟ್ಟದವರೆಗೆ ಒಂದೇ ಕೊಳವೆ, ಕಿಡಿ ಬಿದ್ದರೆ ಚಿಮಣಿ.

ಕೊಳೆತ ಕ್ಲ್ಯಾಪ್‌ಬೋರ್ಡ್ ಬದಲಿಸುವಾಗ ಹೊಸ ಹಲಗೆಯ ಬೆನ್ನಿಗೂ ಕೊಯ್ದ ತುದಿಗೂ ಪ್ರೈಮರ್ ಹಚ್ಚಿಯೇ ಹೊಡೆಯಿರಿ. ಮೊಳೆಯನ್ನು ಕೆಳಗಿನ ಹಲಗೆಯ ಮೇಲಂಚಿಗೆ ತಾಗದ ಹಾಗೆ, ಸ್ವಲ್ಪ ಮೇಲೆ ಹೊಡೆಯಬೇಕು. ಎರಡು ಹಲಗೆಗೂ ಸೇರಿ ಒಂದೇ ಮೊಳೆ ಬಿದ್ದರೆ ಮರ ಹಿಗ್ಗಿ ಕುಗ್ಗುವಾಗ ಸೀಳುತ್ತದೆ. ಉಳಿದ ಸಾವಿರಾರು ಮೊಳೆ ತೂತಿಗೆ ಮೊದಲು ಪ್ರೈಮರ್, ಆಮೇಲೆ ಪುಟ್ಟಿ. ತಿರುಗಾಮುರುಗಾ ಮಾಡಿದರೆ ಒಣ ಮರ ಪುಟ್ಟಿಯ ಎಣ್ಣೆ ಹೀರಿ ಒಂದೇ ಚಳಿಗಾಲಕ್ಕೆ ಉದುರಿಸುತ್ತದೆ. ಬಣ್ಣಕ್ಕೆ ಮುಂಚೆ ಮೀಟರ್ ಮತ್ತೆ ಇಟ್ಟು ನೋಡಿ, 15 ಪರ್ಸೆಂಟ್ ಒಳಗೆ ಬರುವವರೆಗೆ ಕಾಯಿರಿ.

ಕಿತ್ತ ಹಲಗೆಯನ್ನು ಹಿತ್ತಲಲ್ಲಿ ಸುಡಬೇಡಿ. ಡಂಪ್‌ಸ್ಟರ್ (ಕಸ ಸಾಗಿಸುವ ದೊಡ್ಡ ಕಬ್ಬಿಣದ ತೊಟ್ಟಿ) ಬಾಡಿಗೆ ಕೊಡುವವರಿಗೆ ಏನು ಹಾಕುತ್ತೀರಿ ಅಂತ ಮೊದಲೇ ಹೇಳಿ, ಲ್ಯಾಬ್ ರಿಪೋರ್ಟ್ ಕೈಯಲ್ಲಿಟ್ಟುಕೊಳ್ಳಿ. ತೂಕದ ಮೇಲೆ ಚಾರ್ಜ್ ಮಾಡುವವರಾದರೆ ಹಲಗೆ ಮಳೆಗೆ ನೆನೆಯುವ ಮುಂಚೆ ಸಾಗಿಸಿ.

ನಮ್ಮ ಮನೆಯ ಪಶ್ಚಿಮ, ದಕ್ಷಿಣ ಗೋಡೆಗಳು ಈಗ ಮತ್ತೆ ಹಳೆಯ ಮರದ ಹಲಗೆ. ಮುಂಭಾಗ ಮುಂದಿನ ಶರತ್ಕಾಲಕ್ಕೆ. ಉತ್ತರದ ಗೋಡೆಯ ಕಿಂಡಿಯಲ್ಲಿ ಮೀಟರ್ 12 ತೋರಿಸಿತು, ಮರ ಕಲ್ಲಿನ ಹಾಗಿದೆ, ಅದನ್ನು ಮುಟ್ಟಿಲ್ಲ. ಪಕ್ಕದ ಮನೆಯ ಅಜ್ಜನಿಗೆ ಅಡುಗೆಮನೆ ಕಿಟಕಿಯಿಂದ ಕಾಣುವುದು ಆ ಗೋಡೆ ಮಾತ್ರ, ಅವರು ಇನ್ನೂ ನಮ್ಮದನ್ನು ಇಟ್ಟಿಗೆ ಮನೆ ಅಂತಲೇ ಕರೆಯುತ್ತಾರೆ.